ಮಗುವನ್ನು ಕಳೆದುಕೊಂಡ ಮೇಲೆ ಮತ್ತೊಂದು ಹೆರಿಗೆ: ಹೆಂಡತಿಯ ಭಯಕ್ಕೆ ನಾನು ಹೇಗೆ ಜೊತೆಯಾಗಲಿ?

ಪ್ರಶ್ನೆ

ನಮಸ್ಕಾರ. ಈ ವಿಷಯವನ್ನು ನಾನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ಬರೆದರೆ ಹೇಳಲು ಸಾಧ್ಯವಾದೀತೇನೋ ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ, ನನ್ನ ಹೆಂಡತಿಗೆ 37 ವಾರ ತುಂಬಿದ್ದಾಗ, ಬೆಳಗಿನಿಂದ ಮಗು ಹೊರಳಿದ್ದು ಗೊತ್ತಾಗುತ್ತಿಲ್ಲವೆಂದು ಅವಳು ಹೇಳಿದ್ದರಿಂದ ಆಸ್ಪತ್ರೆಗೆ ಹೋದೆವು. ಸ್ಕ್ಯಾನಿಂಗ್ ಮಾಡುತ್ತಿದ್ದವರು ಮಾತು ನಿಲ್ಲಿಸಿದರು, ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು, ಆಮೇಲೆ ಇನ್ನೊಬ್ಬರನ್ನು ಕರೆತರಲು ಎದ್ದುಹೋದರು. ಮಗುವಿನ ಹೃದಯಬಡಿತ ನಿಂತಿದೆ ಎಂದು ಯಾರಾದರೂ ಹೇಳುವ ಮೊದಲೇ ಅವಳಿಗೆ ಅದು ಅರ್ಥವಾಗಿತ್ತು. ಔಷಧ ಕೊಟ್ಟು ನೋವು ಬರಿಸಿದರು. 19 ಗಂಟೆಗಳ ನಂತರ ಹೆಣ್ಣುಮಗು ಹುಟ್ಟಿತು. ಹುಟ್ಟಿದ ಬೆನ್ನಿಗೇ ರಕ್ತಸ್ರಾವ ಹೆಚ್ಚಾಗಿ, ಅವಳನ್ನು ಓಡುತ್ತಲೇ ಆಪರೇಷನ್ ಥಿಯೇಟರಿಗೆ ಒಯ್ದರು. ಮುಚ್ಚಿದ ಬಾಗಿಲ ಹೊರಗೆ ನಾನು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಅವಳು ಬದುಕಿದ್ದಾಳೋ ಇಲ್ಲವೋ ಎಂದು ಹೇಳುವವರು ಒಬ್ಬರೂ ಬರಲಿಲ್ಲ. ಆ ನಡುವೆ ನರ್ಸ್ ಒಬ್ಬರು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ನನ್ನ ಕೈಗೆ ಕೊಟ್ಟರು. ಹತ್ತು ನಿಮಿಷ ಇರಬಹುದು, ನಾನು ಅವಳನ್ನು ಎತ್ತಿಕೊಂಡು ನಿಂತಿದ್ದೆ.

ತಾಯಿ ನೋಡುವುದು ಬೇಡ, ನೋಡಿದರೆ ಜೀವಮಾನವಿಡೀ ಮರೆಯಲಾರಳು ಎಂದು ಹಿರಿಯರು ಹೇಳಿದರು. ನಾನು ಒಪ್ಪಿದೆ. ಮಾರನೆಯ ದಿನ ಅವಳಿಗೆ ಪೂರ್ತಿ ಎಚ್ಚರವಾಗುವ ಹೊತ್ತಿಗೆ ಎಲ್ಲವೂ ಮುಗಿದುಹೋಗಿತ್ತು. ಮಗು ಹೇಗಿತ್ತೆಂದು ಅವಳು ಇಂದಿನವರೆಗೂ ಕೇಳಿಲ್ಲ, ನಾನೂ ಹೇಳಿಲ್ಲ. ಮಗುವಿನ ಕೈಗೆ ಕಟ್ಟಿದ್ದ ಗುರುತಿನ ಪಟ್ಟಿಯನ್ನು ಆ ನರ್ಸ್ ನನಗೆ ಕೊಟ್ಟಿದ್ದರು. ಅದು ಕಚೇರಿಯ ನನ್ನ ಚೀಲದ ಒಳಜೇಬಿನಲ್ಲಿ ಈಗಲೂ ಇದೆ. ಅದು ಅಲ್ಲಿರುವುದು ಅವಳಿಗೆ ತಿಳಿಯದು.

ಈಗ ಅವಳಿಗೆ ಮತ್ತೆ 23 ವಾರ. ಎಲ್ಲ ಪರೀಕ್ಷೆಗಳೂ ಸರಿಯಾಗಿವೆ ಎಂದು ವೈದ್ಯರು ಹೇಳುತ್ತಾರೆ. ಆದರೆ ಆಸ್ಪತ್ರೆಯ ವಾಸನೆ ಬಡಿದರೆ ಸಾಕು, ಅವಳ ಕೈಕಾಲು ನಡುಗುತ್ತದೆ. ಎರಡು ಸಲ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದೇವೆ. ರಾತ್ರಿ ಎದ್ದು ಕುಳಿತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬೆಳಗು ಮಾಡುತ್ತಾಳೆ. ಥಿಯೇಟರಿನ ಮೇಲ್ಛಾವಣಿಯ ದೀಪಗಳು ಕಣ್ಣು ಮುಚ್ಚಿದರೆ ಕಾಣುತ್ತವೆ ಎನ್ನುತ್ತಾಳೆ. ಹೆರಿಗೆಯ ಮಾತೆತ್ತಿದರೆ, "ನನಗೆ ಪ್ರಜ್ಞೆ ತಪ್ಪಿಸಿ ಮಗುವನ್ನು ತೆಗೆದುಬಿಡಲಿ, ನನಗೇನೂ ತಿಳಿಯುವುದು ಬೇಡ" ಎಂದು ಅಳುತ್ತಾಳೆ. ಮನೆಯವರು ಪ್ರೀತಿಯಿಂದಲೇ, "ಹಳೆಯದನ್ನು ನೆನೆಸಿಕೊಳ್ಳಬೇಡ, ಈ ಮಗುವಿಗೆ ಒಳ್ಳೆಯದಲ್ಲ" ಎನ್ನುತ್ತಾರೆ. ಆಮೇಲೆ ಅವಳು ಇಡೀ ದಿನ ಮಾತನಾಡುವುದಿಲ್ಲ.

ನಾನು ಧೈರ್ಯ ಹೇಳುತ್ತೇನೆ, ಆದರೆ ನನ್ನ ಧೈರ್ಯವೂ ಬಾಯಿಮಾತಿನದು. ಆಸ್ಪತ್ರೆಯ ಓಣಿಯಲ್ಲಿ ಸ್ಟ್ರೆಚರಿನ ಗಾಲಿಗಳ ಸದ್ದು ಕೇಳಿದರೆ ನನಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಅವಳ ಭಯಕ್ಕೆ ಏನು ಮಾಡಬೇಕು? ಮೊದಲ ಮಗುವಿನ ಮಾತನ್ನು ಈಗ ಎತ್ತಬಹುದೇ, ಅಥವಾ ಈ ಹೆರಿಗೆ ಮುಗಿಯುವವರೆಗೆ ಮುಚ್ಚಿಡುವುದೇ ಸರಿಯೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮಗನನ್ನು ಕಳೆದುಕೊಂಡ ಒಬ್ಬ ತಾಯಿ

ಸಹೋದರ, ನಿಮ್ಮ ಮಗಳ ಬಗ್ಗೆ ಓದಿ ಮನಸ್ಸು ತುಂಬಿ ಬಂತು. "ಮಗಳು" ಎಂದೇ ಬರೆಯುತ್ತಿದ್ದೇನೆ, ಏಕೆಂದರೆ ಅವಳು ನಿಮಗೆ ಮಗಳೇ.

ನನ್ನ ಮಗ ಆರು ವರ್ಷಗಳ ಹಿಂದೆ, ದಿನ ತುಂಬಿದ ಮೇಲೆ, ಉಸಿರಿಲ್ಲದೆ ಹುಟ್ಟಿದ. ನೋಡುತ್ತೀರಾ ಎಂದು ನರ್ಸ್ ಕೇಳಿದಾಗ ನಾನು ಬೇಡವೆಂದೆ. ಏನನ್ನು ನೋಡಬೇಕಾಗುವುದೋ ಎಂಬ ಹೆದರಿಕೆ ನನಗಿತ್ತು. ಅವರು ಒತ್ತಾಯಿಸಲಿಲ್ಲ. ಒಂದು ಗಂಟೆ ಬಿಟ್ಟು ಮತ್ತೆ ಬಂದು, "ಅವನ ಕೈಬೆರಳುಗಳು ಉದ್ದವಾಗಿವೆ, ನಿಮ್ಮ ಬೆರಳುಗಳ ಹಾಗೆಯೇ ಇವೆ, ನೀವು ಮನಸ್ಸು ಬದಲಾಯಿಸಿದರೆ ನಾನು ಇಲ್ಲೇ ಇರುತ್ತೇನೆ" ಎಂದಷ್ಟೇ ಹೇಳಿದರು. ಆಮೇಲೆ ನಾನು ನೋಡಿದೆ. ನಾನು ಕಲ್ಪಿಸಿಕೊಂಡು ಹೆದರಿದ್ದ ಯಾವುದೂ ಅಲ್ಲಿರಲಿಲ್ಲ. ನನ್ನ ಮಗು ಇತ್ತು. ನೋಡದೆ ಇರಲು ನಿರ್ಧರಿಸಿ, ಆ ನಿರ್ಧಾರದಲ್ಲಿಯೇ ಸಮಾಧಾನ ಕಂಡುಕೊಂಡ ತಾಯಂದಿರನ್ನೂ ನಾನು ಬಲ್ಲೆ, ಅವರ ದಾರಿ ತಪ್ಪೆಂದು ನಾನು ಹೇಳಲಾರೆ. ಆದರೆ ಆ ನಿರ್ಧಾರ ಅವರದಾಗಿತ್ತು. ನಿಮ್ಮ ಪತ್ನಿಗೆ ಆ ಪ್ರಶ್ನೆಯೇ ಬರಲಿಲ್ಲ.

ಆದ್ದರಿಂದ ನನ್ನ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ: ಮುಚ್ಚಿಡಬೇಡಿ. ಅವರು ಕೇಳುತ್ತಿಲ್ಲವೆಂದರೆ ತಿಳಿಯುವ ಆಸೆ ಇಲ್ಲವೆಂದು ಅರ್ಥವಲ್ಲ. ಕೇಳಿದರೆ ನಿಮಗೆ ನೋವಾಗುತ್ತದೆಂದು ಅವರು, ಹೇಳಿದರೆ ಅವರಿಗೆ ನೋವಾಗುತ್ತದೆಂದು ನೀವು, ಹೀಗೆ ಇಬ್ಬರೂ ಎರಡು ವರ್ಷಗಳಿಂದ ಒಬ್ಬರನ್ನೊಬ್ಬರು ಕಾಯುತ್ತಿದ್ದೀರಿ ಎಂದು ನನಗೆ ಅನಿಸುತ್ತದೆ. ಹಾಗೆಂದು ಏಕಾಏಕಿ ಆ ಪಟ್ಟಿಯನ್ನು ತೆಗೆದು ಕೈಯಲ್ಲಿಡಬೇಡಿ, ಏಕೆಂದರೆ ಅದು ಮತ್ತೊಮ್ಮೆ ಅವರ ಪರವಾಗಿ ನೀವು ನಿರ್ಧರಿಸಿದಂತಾಗುತ್ತದೆ. "ನಾನು ಅವಳನ್ನು ನೋಡಿದ್ದೇನೆ, ಎತ್ತಿಕೊಂಡಿದ್ದೇನೆ. ನಿನಗೆ ಯಾವಾಗ ಕೇಳಬೇಕೆನಿಸುತ್ತದೋ ಆಗ ಹೇಳುತ್ತೇನೆ, ಈಗಲೇ ಆಗಬೇಕಿಲ್ಲ" ಎಂದು ಹೇಳಿ ಸುಮ್ಮನಿರಿ. ಹಿರಿಯರ ಮಾತಿಗೆ ಒಪ್ಪಿದ್ದು ನೀವು ಎಂಬುದನ್ನೂ ಹೇಳಿಬಿಡಿ. ಅವರಿಗೆ ಕೋಪ ಬಂದರೆ ಬರಲಿ. ಆ ಕೋಪಕ್ಕೆ ಹೋಗಲು ಒಂದು ಜಾಗ ಬೇಕಾಗಿದೆ.

ಜನರ ಮಾತುಗಳ ಬಗ್ಗೆ ಬರೆದಿದ್ದೀರಿ. "ಇನ್ನೂ ವಯಸ್ಸಿದೆ", "ಮತ್ತೊಂದು ಆಗುತ್ತದೆ", "ಹುಟ್ಟಿ ನಾಲ್ಕು ದಿನ ಇದ್ದು ಹೋಗಿದ್ದರೆ ಇನ್ನೂ ಕಷ್ಟವಿತ್ತು" ಎಂಬ ಮಾತುಗಳನ್ನು ನನಗೆ ಹೇಳಿದವರೆಲ್ಲ ನನ್ನ ಒಳಿತನ್ನೇ ಬಯಸಿದವರು. ಆ ಮಾತುಗಳಲ್ಲಿ ನನ್ನ ಮಗ ಮಾತ್ರ ಎಲ್ಲಿಯೂ ಇರಲಿಲ್ಲ. ನನ್ನನ್ನು ಉಳಿಸಿದ್ದು ಅಷ್ಟೇನೂ ಹತ್ತಿರದವರಲ್ಲದ ಒಬ್ಬ ಸಹೋದ್ಯೋಗಿ. ಕೆಲಸಕ್ಕೆ ಮರಳಿದ ದಿನ ಅವರು ನನ್ನ ಪಕ್ಕದಲ್ಲಿ ಕುಳಿತು, ಮಗುವಿಗೆ ಹೆಸರಿಟ್ಟಿದ್ದಿರಾ ಎಂದು ಕೇಳಿದರು. ನಾನು ಹೇಳಿದೆ. ಅವರು ಆ ಹೆಸರನ್ನು ಒಮ್ಮೆ ಉಚ್ಚರಿಸಿದರು. ನನ್ನ ಹೊರತಾಗಿ ಬೇರೊಬ್ಬರ ಬಾಯಿಂದ ಅದನ್ನು ಕೇಳಿದ್ದು ಅದೇ ಮೊದಲು.

ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಬೇಕಾಗಬಹುದೆಂದು ಒಂದು ಮಾತನ್ನು ಸೇರಿಸುತ್ತೇನೆ. ಮಗುವಿಲ್ಲದೆ ಮನೆಗೆ ಬಂದ ಮೂರನೆಯ ದಿನ ನನಗೆ ಎದೆಹಾಲು ಇಳಿಯಿತು. ಹೀಗಾಗುತ್ತದೆಂದು ಯಾರೂ ಎಚ್ಚರಿಸಿರಲಿಲ್ಲ. ಸ್ನಾನದ ಕೋಣೆಯಲ್ಲಿ ನಿಂತು ಅತ್ತದ್ದನ್ನು ನಾನು ಮರೆತಿಲ್ಲ. ಆರನೆಯ ತಿಂಗಳಿನಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೂ ಹಾಲು ಬರುವುದುಂಟು. ಅದನ್ನು ತಡೆಯಲು ಕ್ಯಾಬರ್ಗೋಲಿನ್‌ನಂತಹ ಮಾತ್ರೆಗಳಿವೆ, ಆದರೆ ರಕ್ತದೊತ್ತಡ ಏರಿದವರಿಗೆ ಅವು ಸಲ್ಲದೆ ಇರಬಹುದಾದ್ದರಿಂದ ವೈದ್ಯರೇ ನಿರ್ಧರಿಸಬೇಕು. ಮಾತ್ರೆ ಬೇಡವಾದರೆ ಬಿಗಿಯಲ್ಲದ, ಆಧಾರ ನೀಡುವ ಒಳಉಡುಪು ಧರಿಸಿ, ತಣ್ಣನೆಯ ಬಟ್ಟೆ ಇಟ್ಟುಕೊಂಡರೆ ನೋವು ಇಳಿಯುತ್ತದೆ, ಹಾಲು ತಾನಾಗಿ ಬತ್ತುತ್ತದೆ. ಇಷ್ಟನ್ನು ಮನೆಗೆ ಕಳಿಸುವ ಮೊದಲೇ ಹೇಳುವುದು ಕಷ್ಟದ ಕೆಲಸವಲ್ಲ.

ಎರಡನೆಯ ಬಸುರಿನಲ್ಲಿ ನಾನು ಎಂಟು ತಿಂಗಳು ಮಗುವಿನೊಂದಿಗೆ ಒಂದು ಮಾತನ್ನೂ ಆಡಿರಲಿಲ್ಲ. ಪ್ರೀತಿಸಿದರೆ ಕಳೆದುಕೊಳ್ಳುತ್ತೇನೆ ಎಂದು ಹೆದರಿದ್ದೆ. ಮಗಳು ಹುಟ್ಟಿ ಅತ್ತಾಗಲೂ ಮೊದಲು ಬಂದದ್ದು ಸಂತೋಷವಲ್ಲ, ನನ್ನ ಮಗನೇಕೆ ಅಳಲಿಲ್ಲ ಎಂಬ ದುಃಖ. ನಿಮ್ಮ ಪತ್ನಿಗೂ ಹಾಗಾದರೆ ಗಾಬರಿಯಾಗಬೇಡಿ. ನನ್ನ ಮಗಳ ಮೇಲಿನ ಪ್ರೀತಿ ಕೆಲವು ವಾರ ತಡವಾಗಿ ಬಂತು, ಬಂದ ಮೇಲೆ ಕಡಿಮೆಯಾಗಲಿಲ್ಲ.

ನನ್ನ ವೈದ್ಯೆ ಒಮ್ಮೆ ಹೇಳಿದ ಸಂಗತಿಯೊಂದಿದೆ. ಗರ್ಭದಲ್ಲಿದ್ದ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತವನ್ನು ಸೇರಿ ಅಲ್ಲಿಯೇ ಉಳಿಯುತ್ತವೆ. ಗಂಡುಮಗುವನ್ನು ಹೆತ್ತ ತಾಯಿಯೊಬ್ಬರ ರಕ್ತದಲ್ಲಿ 27 ವರ್ಷಗಳ ನಂತರವೂ ಅಂತಹ ಕೋಶಗಳು ಕಂಡುಬಂದವೆಂದು 1996ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದಾರೆ. ನನಗೆ ಯಾವ ಸಾಂತ್ವನದ ಮಾತಿಗಿಂತಲೂ ಇದು ಹೆಚ್ಚು ಹತ್ತಿರವಾಯಿತು.

ಉತ್ತರ 2: ಹೆರಿಗೆ ವಾರ್ಡಿನಲ್ಲಿ 18 ವರ್ಷ ಕೆಲಸ ಮಾಡಿದ ನರ್ಸ್

ಮೊದಲು ನನ್ನ ವೃತ್ತಿಯವರ ಪರವಾಗಿ ಒಂದು ಮಾತು. ಪರದೆ ತಿರುಗಿಸಿಕೊಂಡು ಮೌನವಾಗುವುದು, ಬಾಗಿಲ ಹೊರಗೆ ನಿಂತವರಿಗೆ ಏನೂ ತಿಳಿಸದಿರುವುದು ಎಷ್ಟು ಆಳವಾದ ಗಾಯ ಮಾಡುತ್ತದೆ ಎಂಬುದನ್ನು ನಾವು ಕಲಿಯಲು ತಡಮಾಡಿದ್ದೇವೆ. ಜೀವ ಉಳಿಸುವ ಗಡಿಬಿಡಿಯಲ್ಲಿಯೂ ಒಬ್ಬರು ಹೊರಗೆ ಬಂದು "ಅವರಿಗೆ ರಕ್ತ ಕೊಡುತ್ತಿದ್ದೇವೆ, ಉಸಿರಾಡುತ್ತಿದ್ದಾರೆ, ಹತ್ತು ನಿಮಿಷದಲ್ಲಿ ಮತ್ತೆ ಬಂದು ಹೇಳುತ್ತೇನೆ" ಎನ್ನಬಹುದು. ನಿಮಗೆ ಅದು ಸಿಗಲಿಲ್ಲವೆಂಬುದು ನನಗೆ ನೋವಿನ ಸಂಗತಿ.

ಮುಂದಿನ ಭೇಟಿಗೆ ಮೊದಲು ನೀವಿಬ್ಬರೂ ಸೇರಿ ಒಂದು ಪುಟದ ಪತ್ರ ಬರೆಯಿರಿ. ಅದರಲ್ಲಿ ಮೊದಲ ಮಗುವಿನ ವಿಷಯ ಎರಡು ಮೂರು ಸಾಲುಗಳಲ್ಲಿರಲಿ, ಆಮೇಲೆ ಈ ಸಲ ಏನು ಬೇಕು, ಏನು ಬೇಡ ಎಂಬುದಿರಲಿ. ವೈದ್ಯರನ್ನು ಕೇಳಿಕೊಂಡು ಆ ಪತ್ರವನ್ನು ಕೇಸ್ ಶೀಟಿನ ಮೇಲ್ಭಾಗದಲ್ಲಿ ಸೇರಿಸಲು ಹೇಳಿ. ಪಾಳಿ ಬದಲಾದಾಗ ಬರುವ ಹೊಸ ನರ್ಸ್ ಏನೂ ತಿಳಿಯದೆ "ಇದು ಮೊದಲನೆಯದೇ?" ಎಂದು ಕೇಳುವುದಿದೆಯಲ್ಲ, ಆ ಒಂದು ಪ್ರಶ್ನೆಗೆ ತಾಯಿ ಕುಸಿಯುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಮಗುವನ್ನು ಕಳೆದುಕೊಂಡವರ ಕಡತಕ್ಕೆ ಸಣ್ಣ ಗುರುತಿನ ಚೀಟಿ ಅಂಟಿಸುವ ಪದ್ಧತಿ ಕೆಲವು ಆಸ್ಪತ್ರೆಗಳಲ್ಲಿದೆ. ಇಲ್ಲದ ಕಡೆ ಪತ್ರವೇ ಆ ಕೆಲಸ ಮಾಡುತ್ತದೆ.

ಸ್ಕ್ಯಾನಿಂಗ್ ದಿನ ಸಾಧ್ಯವಾದರೆ ಮೊದಲ ಸರದಿ ಕೇಳಿ, ಇತರ ಗರ್ಭಿಣಿಯರ ನಡುವೆ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಒಳಗೆ ಹೋದ ಕೂಡಲೇ, "ಅಳತೆಗಳು ಆಮೇಲಿರಲಿ, ಮೊದಲು ಹೃದಯಬಡಿತ ಇದೆಯೇ ಹೇಳಿ" ಎಂದು ಕೇಳಲು ಸಂಕೋಚಪಡಬೇಡಿ. ಆ ಬಡಿತ ಹುಡುಕುವ ಮೌನದಲ್ಲಿಯೇ ಅವರ ಹಳೆಯ ದಿನ ಕುಳಿತಿದೆ. ಅವರಿಗೆ ಪರದೆ ನೋಡಬೇಕೋ, ಬೇಡವೋ ಎಂಬುದನ್ನು ಅವರೇ ಹೇಳಲಿ. ಹೆರಿಗೆ ವಾರ್ಡನ್ನು ಒಂದು ಬಿಡುವಿನ ದಿನ ನೋಡಿಬರಲು ಅನುಮತಿ ಕೇಳಬಹುದು. ಮೊದಲ ಸಲ ಬಾಗಿಲವರೆಗೆ ಹೋಗಿ ಬಂದರೂ ಅದು ಸೋಲಲ್ಲ. ನೀವು ಎರಡು ಸಲ ಹಿಂದಿರುಗಿದ್ದನ್ನು ನಾನು ಸೋಲೆಂದು ಓದಲಿಲ್ಲ; ಅವರು ಎರಡು ಸಲ ಬಾಗಿಲವರೆಗೆ ಬಂದಿದ್ದಾರೆ.

ರಾತ್ರಿಯಿಡೀ ಹೊಟ್ಟೆ ಹಿಡಿದು ಕೂರುವುದರ ಬಗ್ಗೆಯೂ ಹೇಳಬೇಕು. ಇಷ್ಟೇ ಸಲ ಹೊರಳಬೇಕೆಂಬ ಲೆಕ್ಕ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಪ್ರತಿಯೊಂದು ಮಗುವಿಗೂ ಅದರದೇ ಆದ ರೀತಿ ಇರುತ್ತದೆ, 28 ವಾರಗಳ ಹೊತ್ತಿಗೆ ತಾಯಿಗೆ ಅದು ಪರಿಚಯವಾಗುತ್ತದೆ. ಆ ರೀತಿ ಬದಲಾಯಿತು ಅಥವಾ ಚಲನೆ ಕಡಿಮೆಯಾಯಿತು ಎಂದು ಅನಿಸಿದರೆ ಬೆಳಗಾಗಲೆಂದು ಕಾಯಬಾರದು, ಆ ಹೊತ್ತಿಗೇ ಬರಬೇಕು. ಹತ್ತು ಸಲ ಬಂದು ಹತ್ತು ಸಲವೂ ಎಲ್ಲ ಸರಿಯಾಗಿದ್ದರೂ ಹನ್ನೊಂದನೆಯ ಸಲ ಬರುವುದಕ್ಕೆ ನಾಚಿಕೆಪಡಬೇಕಿಲ್ಲ. ಬೇಡಬೇಡವೆಂದರೂ ಕಾಡುವ ಈ ಭಯವನ್ನು ಒಮ್ಮೆ ಬಡಿತ ಕೇಳಿಸಿ ಇಳಿಸುವುದು ನಮ್ಮ ಕೆಲಸದ ಭಾಗವೇ ಹೌದು.

ಪ್ರಜ್ಞೆ ತಪ್ಪಿಸಿ ತೆಗೆಯಲಿ ಎಂಬ ಅವರ ಮಾತನ್ನು ತಳ್ಳಿಹಾಕಬೇಡಿ, ಹಾಗೆಯೇ ಅದರ ಬಗ್ಗೆ ಇಂದೇ ತೀರ್ಮಾನಿಸಲೂ ಬೇಡಿ. ಅದರೊಳಗೆ ಏನಿದೆ ಎಂದು ಕೇಳಿ: ನೋವಿನ ಭಯವೇ, ರಕ್ತಸ್ರಾವದ ಭಯವೇ, ಮಗು ಅಳದಿದ್ದರೆ ಎಂಬ ಭಯವೇ, ತನ್ನನ್ನು ಯಾರೂ ಕೇಳದೆ ಎಲ್ಲವೂ ನಡೆದುಹೋಗುತ್ತದೆ ಎಂಬ ಭಯವೇ? ಪ್ರತಿಯೊಂದಕ್ಕೂ ಬೇರೆ ಬೇರೆ ಉತ್ತರವಿದೆ. ನೋವಿಗೆ ಬೆನ್ನಿನ ಮೂಲಕ ಕೊಡುವ ಎಪಿಡ್ಯೂರಲ್ ಇದೆ. ಮೊದಲೊಮ್ಮೆ ತೀವ್ರ ರಕ್ತಸ್ರಾವವಾದವರಿಗೆ ಈ ಸಲ ರಕ್ತವನ್ನೂ ಔಷಧಗಳನ್ನೂ ಮುಂಚಿತವಾಗಿ ಸಿದ್ಧವಿಟ್ಟುಕೊಳ್ಳುತ್ತೇವೆ, ಆ ಸಿದ್ಧತೆಯನ್ನು ಅವರಿಗೆ ವಿವರಿಸಿ ಹೇಳುವಂತೆ ಕೇಳಿ. ಹೆರಿಗೆಯ ತೀವ್ರ ಭಯವಿರುವ ತಾಯಿಗೆ ಎಲ್ಲ ಬೆಂಬಲ ಕೊಟ್ಟ ಮೇಲೂ ಸಹಜ ಹೆರಿಗೆ ಒಪ್ಪಿಗೆಯಾಗದಿದ್ದರೆ ಪೂರ್ವಯೋಜಿತ ಸಿಸೇರಿಯನ್ ಅವಕಾಶ ನೀಡಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಹಿಂದಿನ ಶಸ್ತ್ರಚಿಕಿತ್ಸೆಯ ವಿವರ ನೋಡಿ ಅವರ ವೈದ್ಯರು ಸಾಧಕ ಬಾಧಕಗಳನ್ನು ತಿಳಿಸುತ್ತಾರೆ. ಪತ್ರದಲ್ಲಿ ನಿಮ್ಮ ಸಲುವಾಗಿಯೂ ಒಂದು ಸಾಲು ಬರೆಯಿರಿ: ತುರ್ತುಸ್ಥಿತಿ ಬಂದರೆ ಹೊರಗಿರುವ ಪತಿಗೆ ಸುದ್ದಿ ತಿಳಿಸುವವರು ಯಾರು?

ಉತ್ತರ 3: ತಾಯಂದಿರ ಮಾನಸಿಕ ಆರೋಗ್ಯ ಕ್ಷೇತ್ರದ ಆಪ್ತಸಮಾಲೋಚಕಿ

ನೀವು ಬರೆದದ್ದರಲ್ಲಿ ಮೂರು ಎಳೆಗಳು ಹೆಣೆದುಕೊಂಡಿವೆ. ಮಗಳಿಗಾಗಿ ದುಃಖ, ಆ ಹೆರಿಗೆಯಿಂದಾದ ಆಘಾತ, ಬರಲಿರುವ ಹೆರಿಗೆಯ ಭಯ. ನಿಮ್ಮನ್ನು ನೋಡದೆ ನಾನು ರೋಗನಿರ್ಣಯ ಮಾಡಲಾರೆ, ಮಾಡಬಾರದು ಕೂಡ. ಆದರೂ ಈ ಮೂರನ್ನು ಬಿಡಿಸಿ ನೋಡುವುದರಿಂದ ಸಹಾಯ ಹುಡುಕುವ ದಾರಿ ಸುಲಭವಾಗುತ್ತದೆ.

ಹೆರಿಗೆಯ ತೀವ್ರ ಭಯವನ್ನು ವೈದ್ಯಕೀಯದಲ್ಲಿ ಟೋಕೋಫೋಬಿಯಾ ಎನ್ನುತ್ತಾರೆ. ಹೋಫ್‌ಬರ್ಗ್ ಮತ್ತು ಬ್ರಾಕಿಂಗ್ಟನ್ ಎಂಬ ಮನೋವೈದ್ಯರು 2000ದಲ್ಲಿ ಅದನ್ನು ವಿವರಿಸುತ್ತಾ, ಎಂದೂ ಹೆರದವರಲ್ಲಿ ಕಾಣುವ ಭಯವನ್ನೂ ಕಠಿಣ ಹೆರಿಗೆಯ ನಂತರ ಹುಟ್ಟುವ ಭಯವನ್ನೂ ಬೇರೆಬೇರೆಯಾಗಿ ಗುರುತಿಸಿದರು. ಅದನ್ನು ಅಳೆಯಲು 33 ಪ್ರಶ್ನೆಗಳ ವೈಮಾ ಪ್ರಶ್ನಾವಳಿಯಿದೆ. ಇದನ್ನೆಲ್ಲ ಹೇಳುತ್ತಿರುವುದು ಒಂದೇ ಕಾರಣಕ್ಕೆ: ಇದು ಹೆಸರಿರುವ, ಅಳೆಯಬಹುದಾದ, ಚಿಕಿತ್ಸೆಯಿರುವ ತೊಂದರೆ. ನಿಮ್ಮ ಪತ್ನಿಯ ದೌರ್ಬಲ್ಯವಲ್ಲ. "ಎಲ್ಲರೂ ಹೆರುವುದಿಲ್ಲವೇ" ಎಂಬ ಮಾತು ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ.

ದೀಪಗಳು ಕಣ್ಣಮುಂದೆ ಬರುವುದು, ವಾಸನೆಗೆ ದೇಹ ನಡುಗುವುದು, ಆಸ್ಪತ್ರೆಯನ್ನು ತಪ್ಪಿಸುವುದು, ನಿದ್ದೆಗೆಡುವುದು ಇವು ಆಘಾತದ ನಂತರ ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಆಘಾತೋತ್ತರ ಒತ್ತಡದ ಕಾಯಿಲೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಈ ಕಾಯಿಲೆಯಲ್ಲಿ ನೆನಪು ಎಲ್ಲ ನೆನಪುಗಳಂತೆ ಹಳೆಯದಾಗಿ ಹಿಂದೆ ಸರಿಯುವುದಿಲ್ಲ. ವಾಸನೆ ಬಡಿದ ಗಳಿಗೆಯಲ್ಲಿ ಅವರ ದೇಹಕ್ಕೆ ಅದು ಎರಡು ವರ್ಷಗಳ ಹಿಂದಿನ ಘಟನೆಯಲ್ಲ, ಈಗ ನಡೆಯುತ್ತಿರುವ ಘಟನೆ. ಆದುದರಿಂದಲೇ "ಎಲ್ಲ ಸರಿಯಾಗಿದೆ" ಎಂಬ ಭರವಸೆ ಅಲ್ಲಿಗೆ ತಲುಪುವುದಿಲ್ಲ. ಅಂತಹ ಹೊತ್ತಿನಲ್ಲಿ ವಾದ ಮಾಡದೆ, ಪಾದಗಳನ್ನು ನೆಲಕ್ಕೆ ಒತ್ತಲು ಹೇಳಿ, ಇಂದಿನ ದಿನಾಂಕವನ್ನು ಹೇಳಿ, ಕಣ್ಣೆದುರು ಕಾಣುವ ಐದು ವಸ್ತುಗಳನ್ನು ಹೆಸರಿಸಲು ಕೇಳಿ, ಉಸಿರನ್ನು ನಿಧಾನವಾಗಿ ಹೊರಬಿಡುವುದನ್ನು ನೀವೂ ಅವರೊಂದಿಗೆ ಮಾಡಿ.

ಚಿಕಿತ್ಸೆಯ ವಿಷಯದಲ್ಲಿ, ಆಘಾತವನ್ನು ಕೇಂದ್ರವಾಗಿಟ್ಟುಕೊಂಡ ಅರಿವು–ವರ್ತನಾ ಚಿಕಿತ್ಸೆ ಮತ್ತು ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ಎರಡು ಪದ್ಧತಿಗಳಿಗೆ ಒಳ್ಳೆಯ ಆಧಾರವಿದೆ. ಎರಡನ್ನೂ ತರಬೇತಿ ಪಡೆದವರೇ ಕೊಡಬೇಕು, ನೀವು ಗರ್ಭಾವಸ್ಥೆಯ ವಿಷಯವನ್ನು ಮೊದಲೇ ತಿಳಿಸಬೇಕು. ಒಂದೇ ಭೇಟಿಯಲ್ಲಿ ಕೂರಿಸಿ ಆ ದಿನವನ್ನು ಪೂರ್ತಿಯಾಗಿ ಮತ್ತೆ ಅನುಭವಿಸುವಂತೆ ಮಾಡುವುದು ಸಲ್ಲದೆಂದು ಹೆರಿಗೆಯ ಆಘಾತಕ್ಕೆ ಸಂಬಂಧಿಸಿದ ಮಾರ್ಗಸೂಚಿಗಳೇ ಹೇಳುತ್ತವೆ. ಮೊದಲ ಭೇಟಿಯಲ್ಲಿಯೇ ಎಲ್ಲವನ್ನೂ ಹೊರಹಾಕಿಸಲು ಯಾರಾದರೂ ಒತ್ತಾಯಿಸಿದರೆ ಎದ್ದುಬರುವ ಹಕ್ಕು ನಿಮ್ಮ ಪತ್ನಿಗಿದೆ. 23 ವಾರವೆಂದರೆ ಇನ್ನೂ ಸಮಯವಿದೆ, ಆದರೆ ಮುಂದೂಡಬೇಡಿ.

ಮೊದಲ ಮಗುವಿನ ಮಾತು ಎತ್ತಿದರೆ ಈ ಮಗುವಿಗೆ ಕೆಡುಕು ಎಂಬ ನಂಬಿಕೆಯಿಂದ ಹಿರಿಯರು ಹೆದರಿದ್ದಾರೆ. ದುಃಖದಿಂದ ಬರುವ ಕಣ್ಣೀರು ಮಗುವಿಗೆ ಹಾನಿ ಮಾಡುವುದಿಲ್ಲವೆಂದು ಅವರಿಗೆ ಮೃದುವಾಗಿ ತಿಳಿಸಿ. ಒಂಟಿಯಾಗಿ, ನಿದ್ದೆಯಿಲ್ಲದೆ, ತಪಾಸಣೆಗೂ ಹೋಗದೆ ಕಳೆಯುವ ತಿಂಗಳುಗಳೇ ಹೆಚ್ಚು ಚಿಂತೆಯ ಸಂಗತಿ. ಸಮಾಜ ದುಃಖವೆಂದು ಒಪ್ಪಿಕೊಳ್ಳದ ದುಃಖವನ್ನು ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಒಂದು ಪರಿಕಲ್ಪನೆಯಾಗಿ ಮುಂದಿಟ್ಟರು. ಯಾರೂ ನೋಡದ ಮಗುವಿಗಾಗಿ ಅಳುವ ತಾಯಿ ತಂದೆಯರ ಸ್ಥಿತಿ ಅದೇ. ಜಗತ್ತಿನಲ್ಲಿ 28 ವಾರ ದಾಟಿದ ಮೇಲೆ ಜೀವವಿಲ್ಲದೆ ಹುಟ್ಟುವ ಮಕ್ಕಳ ಸಂಖ್ಯೆ ವರ್ಷಕ್ಕೆ ಸುಮಾರು 19 ಲಕ್ಷ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2021ಕ್ಕೆ ಅಂದಾಜು ಮಾಡಿವೆ. ಅಷ್ಟು ಮನೆಗಳಲ್ಲಿ ಈ ಮೌನವಿದೆ.

ಇನ್ನು ನಿಮ್ಮ ವಿಷಯ. ಪ್ರಶ್ನೆಯಲ್ಲಿ ನಿಮಗಾಗಿ ನೀವು ಕೇಳಿಕೊಂಡದ್ದು ಏನೂ ಇಲ್ಲ, ಆದರೆ ಸ್ಟ್ರೆಚರಿನ ಸದ್ದಿಗೆ ಉಸಿರು ಸಿಕ್ಕಿಕೊಳ್ಳುವವರೂ ಚಿಕಿತ್ಸೆಗೆ ಅರ್ಹರು. ಹೆರಿಗೆಯನ್ನು ಕಣ್ಣಾರೆ ಕಂಡ ಸಂಗಾತಿಗೂ ಇದೇ ಆಘಾತ ತಗುಲಬಹುದು. ದುಃಖದ ಬಗ್ಗೆ ಸ್ಟ್ರೋಬ್ ಮತ್ತು ಶುಟ್ ಎಂಬ ಸಂಶೋಧಕರು 1999ರಲ್ಲಿ ಮಂಡಿಸಿದ ವಿಚಾರವೊಂದು ದಂಪತಿಗಳಿಗೆ ಬಹಳ ಉಪಯುಕ್ತ: ದುಃಖಿಸುವವರು ಕಳೆದುಕೊಂಡದ್ದರ ಕಡೆಗೂ ನಡೆಸಬೇಕಾದ ಬದುಕಿನ ಕಡೆಗೂ ತೂಗುಯ್ಯಾಲೆಯಂತೆ ಹೋಗಿ ಬರುತ್ತಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ಒಂದೇ ತುದಿಯಲ್ಲಿರುವುದು ಅಪರೂಪ. ನೀವು ಕಚೇರಿಯ ಕೆಲಸದಲ್ಲಿ ಮುಳುಗಿದ ದಿನ ಅವರು ಮಗಳ ಬಳಿ ಇರಬಹುದು, ಅದು ಪ್ರೀತಿಯ ಹೆಚ್ಚು ಕಡಿಮೆಯ ಲೆಕ್ಕವಲ್ಲ.

ಒಂದು ಎಚ್ಚರಿಕೆ. ಬದುಕುವುದು ಬೇಡವೆಂಬ ಮಾತು ಯಾರ ಬಾಯಲ್ಲಿ ಬಂದರೂ, ಅಥವಾ ಹೆರಿಗೆಯ ನಂತರದ ದಿನಗಳಲ್ಲಿ ತಾಯಿ ನಿದ್ದೆಯೇ ಇಲ್ಲದೆ ಅಸಂಬದ್ಧವಾಗಿ ಮಾತನಾಡಿದರೆ, ಇಲ್ಲದ ದನಿಗಳನ್ನು ಕೇಳಿದರೆ, ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ತುರ್ತುಸ್ಥಿತಿ. ಹೆರಿಗೆಯ ನಂತರ ಹೀಗೆ ಅಸಂಬದ್ಧವಾಗಿ ಮಾತನಾಡುವ, ಇಲ್ಲದ ದನಿಗಳನ್ನು ಕೇಳುವ ಸ್ಥಿತಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಬರುತ್ತದೆ, ಚಿಕಿತ್ಸೆಯಿಂದ ಗುಣವಾಗುತ್ತದೆ.

ಉತ್ತರ 4: ಒಬ್ಬ ತಂದೆ

ನಾನೂ ನಿಮ್ಮಂತೆಯೇ ಬಾಗಿಲ ಹೊರಗೆ ನಿಂತವನು. ಅವಳ ಮುಂದೆ ಅಳಬಾರದೆಂದು ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅಳುತ್ತಿದ್ದೆ. ನನಗೆ ಮಗುವಿನ ಬಗ್ಗೆ ದುಃಖವೇ ಇಲ್ಲವೆಂದು ಒಂದು ವರ್ಷ ಅವಳು ನಂಬಿದ್ದಳು. ಅದು ತಿಳಿದ ದಿನ ನನಗಾದ ನೋವು ಆಸ್ಪತ್ರೆಯ ದಿನದ ನೋವಿಗಿಂತ ಕಡಿಮೆಯಿರಲಿಲ್ಲ.

ಬಾಯಿಂದ ಹೇಳಲಾಗದಿದ್ದರೆ ಬರೆದು ಕೊಡಿ. ನೀವು ಇಲ್ಲಿ ಬರೆದಿರುವ "ಹತ್ತು ನಿಮಿಷ ಇರಬಹುದು, ನಾನು ಅವಳನ್ನು ಎತ್ತಿಕೊಂಡು ನಿಂತಿದ್ದೆ" ಎಂಬ ಸಾಲನ್ನು ಓದುವ ಹಕ್ಕು ನಮಗಿಂತ ಮೊದಲು ನಿಮ್ಮ ಪತ್ನಿಗಿತ್ತು ಎಂದು ನನಗೆ ಅನಿಸಿತು. ಕಟುವಾಗಿ ಹೇಳಿದ್ದರೆ ಕ್ಷಮಿಸಿ.

ಪ್ರಶ್ನೆ ಕೇಳಿದವರಿಂದ, ಒಂಬತ್ತು ದಿನಗಳ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಕೊನೆಯ ಉತ್ತರ ಬರೆದವರಲ್ಲಿ ಒಂದು ಮಾತು: ನೀವು ಕ್ಷಮೆ ಕೇಳಬೇಕಿಲ್ಲ. ಅದನ್ನು ಓದಿದ ರಾತ್ರಿಯೇ ನಾನು ಹೇಳಿದ್ದು.

ತಾಯಿಯೊಬ್ಬರು ಸೂಚಿಸಿದ ಮಾತುಗಳನ್ನೇ ಹೇಳಿ ಸುಮ್ಮನಾದೆ. ಬಹಳ ಹೊತ್ತು ಅವಳು ಏನೂ ಹೇಳಲಿಲ್ಲ. ನಾನು ತಪ್ಪು ಮಾಡಿದೆನೆಂದೇ ಎಣಿಸಿದೆ. ಎರಡು ದಿನಗಳ ನಂತರ ದೀಪ ಆರಿಸಿದ ಮೇಲೆ, "ತಲೆಯಲ್ಲಿ ಕೂದಲಿತ್ತಾ?" ಎಂದು ಕೇಳಿದಳು. ಇತ್ತು, ಕಪ್ಪಗೆ, ಹಣೆಯವರೆಗೆ ಇತ್ತು ಎಂದೆ. ಆಮೇಲೆ ಕಿವಿಗಳ ಬಗ್ಗೆ ಕೇಳಿದಳು, ಕಣ್ಣು ಮುಚ್ಚಿತ್ತೇ ಎಂದು ಕೇಳಿದಳು. ಕೊನೆಗೆ, "ನೀವು ಎತ್ತಿಕೊಂಡಾಗ ಬೆಚ್ಚಗಿದ್ದಳಾ?" ಎಂದಳು. ಬೆಚ್ಚಗಿದ್ದಳು. ಅದನ್ನು ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ, ತಡೆಯಲು ಪ್ರಯತ್ನಿಸಲೂ ಇಲ್ಲ. ನಾನು ಒಪ್ಪಿಗೆ ಕೊಟ್ಟ ವಿಷಯಕ್ಕೆ ಅವಳಿಗೆ ಕೋಪವಿದೆ. ಅದು ಒಂದೆರಡು ದಿನಗಳಲ್ಲಿ ತೀರುವಂತಹದಲ್ಲ, ತೀರಬೇಕೆಂದು ನಾನು ಕೇಳಿಕೊಂಡಿಲ್ಲ. ಮಗುವಿಗೆ ಅವಳು ಆಗಲೇ ಒಂದು ಹೆಸರಿಟ್ಟಿದ್ದಳೆಂಬುದು ನನಗೆ ಈಗ ತಿಳಿಯಿತು. ಗುರುತಿನ ಪಟ್ಟಿ ಈಗ ಅವಳ ಬಳಿ ಇದೆ.

ಆಪ್ತಸಮಾಲೋಚಕರೊಬ್ಬರನ್ನು ಇಬ್ಬರೂ ಒಮ್ಮೆ ಕಂಡು ಬಂದೆವು. ನನಗೂ ಬೇರೆಯಾಗಿ ದಿನ ಕೊಟ್ಟಿದ್ದಾರೆ. ಆಸ್ಪತ್ರೆಗೆ ಕೊಡುವ ಪತ್ರವನ್ನು ನಿನ್ನೆ ಕುಳಿತು ಬರೆದೆವು. ಮೊದಲ ಸಾಲನ್ನು ಅವಳೇ ಬರೆದಳು: "ಇದು ನಮ್ಮ ಎರಡನೆಯ ಮಗು." ಹೃದಯಬಡಿತವನ್ನು ಮೊದಲು ತಿಳಿಸಬೇಕೆಂದು ಬರೆದಿದ್ದೇವೆ, ಹೊರಗಿರುವ ನನಗೆ ಸುದ್ದಿ ತಿಳಿಸಬೇಕೆಂಬುದನ್ನೂ ಅವಳೇ ಸೇರಿಸಿದಳು. ಭಯ ಹೋಗಿಲ್ಲ. ನಿನ್ನೆ ರಾತ್ರಿಯೂ ಎದ್ದು ಕುಳಿತಿದ್ದಳು, ಆದರೆ ಈ ಸಲ ನನ್ನನ್ನು ಎಬ್ಬಿಸಿದಳು.

ಗುರುವಾರ ಸ್ಕ್ಯಾನಿಂಗ್ ಇದೆ. ಮೊದಲ ಸರದಿ ಸಿಕ್ಕಿದೆ.